ಹಡಗಿನ ಕಡೆಯ ದಿನ



ಹಡಗಿನ ಪ್ರವಾಸ ಮಾಡಿ ಬಂದವರನ್ನು ನೀವು ಒಮ್ಮೆ ಮಾತಿಗೆಳೆದು ನೋಡಿ. ಹತ್ತಿದ ದಿನದ ಸಂಭ್ರಮ, ಹೊತ್ತುಹೊತ್ತಿಗೆ ಊಟ, ಈಜುಕೊಳ, ಸಮುದ್ರದ ನಡುವಿನ ಸೂರ್ಯಾಸ್ತ, ಇವುಗಳನ್ನು ಗಂಟೆಗಟ್ಟಲೆ ಬಣ್ಣಿಸುತ್ತಾರೆ. ಇಳಿದು ಮನೆಗೆ ಬಂದ ದಿನ ಹೇಗಿತ್ತು ಎಂದು ಕೇಳಿದರೆ ಮಾತ್ರ, "ಅದರಲ್ಲೇನಿದೆ, ಇಳಿದೆವು, ವಿಮಾನ ಹತ್ತಿದೆವು, ಬಂದೆವು" ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಇಂದು ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಆ ಒಂದು ದಿನದ ವಿಷಯವನ್ನೇ. ನಮ್ಮ ಕಡೆಯ ನಿವೃತ್ತರು, ಹಿರಿಯರು ಈಗೀಗ ಮಕ್ಕಳ ಒತ್ತಾಯಕ್ಕೆ ಇಂಥ ಹಡಗುಗಳನ್ನು ಹತ್ತುತ್ತಿದ್ದಾರೆ. ಹಾಗೆ ಹೋಗುವವರು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ಉಪಯೋಗವಾದೀತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಆ ದಿನ ನಾನು ಮಾಡಿದ ಒಂದು ತಪ್ಪು. ಅದನ್ನೂ ಹೇಳುತ್ತೇನೆ.

ನಾನು ಅಂಚೆ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದವನು. ಹಡಗು ಹತ್ತುವ ಆಸೆಯೇನೂ ನನಗಿರಲಿಲ್ಲ. ಮಗ ಅಮೆರಿಕದ ಫ್ಲಾರಿಡಾದಲ್ಲಿದ್ದಾನೆ. 2024ರ ಜನವರಿಯಲ್ಲಿ ನಾವಿಬ್ಬರೂ ಅವನ ಮನೆಗೆ ಹೋಗಿ ಮೂರು ತಿಂಗಳು ಇದ್ದೆವು. ಹಿಂದಿರುಗುವಾಗ ಅಷ್ಟುದ್ದದ ವಿಮಾನಯಾನ ಅವನ ತಾಯಿಯ ಮಂಡಿಗೆ ಆಗುವುದಿಲ್ಲವೆಂದು ಅವನೇ ಒಂದು ಉಪಾಯ ಹುಡುಕಿದ. ಫೋರ್ಟ್ ಲಾಡರ್‌ಡೇಲ್ ಬಂದರಿನಿಂದ ಸ್ಪೇನ್ ದೇಶದ ಬಾರ್ಸಿಲೋನಾದವರೆಗೆ ಹಡಗು, ಅಲ್ಲಿಂದ ಬೆಂಗಳೂರಿಗೆ ವಿಮಾನ. ಅರ್ಧ ದಾರಿ ಕಾಲು ಚಾಚಿಕೊಂಡು ಬನ್ನಿ ಎಂದ.

ಇಂಥ ಪ್ರಯಾಣದ ಮರ್ಮ ನಿಮಗೆ ತಿಳಿದಿರಲಿ. ಪ್ರವಾಸಿ ಹಡಗುಗಳಲ್ಲಿ ಅನೇಕವು ಚಳಿಗಾಲವಿಡೀ ಕೆರಿಬಿಯನ್ ದ್ವೀಪಗಳ ನಡುವೆ ಸುತ್ತುತ್ತವೆ. ಬೇಸಿಗೆಗೆ ಯೂರೋಪಿನ ಮೆಡಿಟರೇನಿಯನ್ ಸಮುದ್ರಕ್ಕೆ ಬರುತ್ತವೆ. ನಮ್ಮ ಕೊಕ್ಕರೆ ಬೆಳ್ಳೂರಿಗೆ ಹಕ್ಕಿಗಳು ಬಂದು ಹೋಗುವಂತೆ ಇವಕ್ಕೂ ಕಾಲವಿದೆ. ಏಪ್ರಿಲ್ ಹೊತ್ತಿಗೆ ಪೂರ್ವಕ್ಕೆ, ಅಕ್ಟೋಬರ್ ನವೆಂಬರ್ ಹೊತ್ತಿಗೆ ಪಶ್ಚಿಮಕ್ಕೆ ಅಟ್ಲಾಂಟಿಕ್ ದಾಟುತ್ತವೆ. ಹಡಗು ಹೇಗೂ ದಾಟಲೇಬೇಕು, ಖಾಲಿ ಹೋಗುವ ಬದಲು ಜನರನ್ನು ಹತ್ತಿಸಿಕೊಳ್ಳುತ್ತದೆ. ನಡುವೆ ದಿನಗಟ್ಟಲೆ ನೆಲ ಕಾಣುವುದಿಲ್ಲವಾದ್ದರಿಂದ ಟಿಕೆಟ್ ದರವೂ ಸಾಮಾನ್ಯವಾಗಿ ಕಡಿಮೆ. ನಮ್ಮದು ಹದಿಮೂರು ರಾತ್ರಿಗಳ ಪ್ರಯಾಣ, ಸುಮಾರು 8,000 ಕಿಲೋಮೀಟರ್. ಪೋರ್ಚುಗಲ್ಲಿಗೆ ಸೇರಿದ ಮದೇರಾ ದ್ವೀಪದ ಫುಂಚಾಲ್, ಆಮೇಲೆ ಸ್ಪೇನಿನ ಮಲಾಗ, ಕಡೆಗೆ ಬಾರ್ಸಿಲೋನಾ. ಇಳಿಯುವ ದೇಶದ ವೀಸಾ ಹತ್ತುವ ಮೊದಲೇ ಕೈಯಲ್ಲಿರಬೇಕು, ಇದನ್ನು ಮರೆಯಬೇಡಿ. ನಾವು ಬೆಂಗಳೂರು ಬಿಡುವ ಮುಂಚೆಯೇ ಯೂರೋಪಿನ ಷೆಂಗೆನ್ ವೀಸಾ ಮಾಡಿಸಿಕೊಂಡಿದ್ದೆವು. ಅದು ಇಲ್ಲದೆ ಹಡಗಿನ ಮೆಟ್ಟಿಲನ್ನೂ ಮುಟ್ಟಗೊಡುವುದಿಲ್ಲ.

ಗಡಿಯಾರದ ಸಂಗತಿ ನನಗೆ ಬಹಳ ಹಿಡಿಸಿತು. ಏಪ್ರಿಲ್ ತಿಂಗಳಲ್ಲಿ ಫ್ಲಾರಿಡಾಕ್ಕೂ ಬಾರ್ಸಿಲೋನಾಕ್ಕೂ ಆರು ಗಂಟೆ ಅಂತರ. ಹಡಗು ಪೂರ್ವಕ್ಕೆ ಸಾಗಿದಂತೆ ಒಂದೊಂದು ರಾತ್ರಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಮಲಗುವ ಮುನ್ನ ಮೇಜಿನ ಮೇಲೆ ಒಂದು ಚೀಟಿ ಇರುತ್ತದೆ, ಇಂದು ರಾತ್ರಿ ಎರಡು ಗಂಟೆಯಾದಾಗ ಮೂರು ಎಂದು ತಿಳಿಯಿರಿ ಎಂದು. ಫುಂಚಾಲ್ ತಲಪುವುದರೊಳಗೆ ಐದು ಗಂಟೆ ಹೋಯಿತು, ಮಲಾಗಕ್ಕೆ ಮುನ್ನ ಇನ್ನೊಂದು. ಮೈಗೆ ಗೊತ್ತೇ ಆಗಲಿಲ್ಲ. ವಿಮಾನದಲ್ಲಾಗಿದ್ದರೆ ಬೆಂಗಳೂರಿನವರೆಗಿನ ಒಂಬತ್ತೂವರೆ ಗಂಟೆಯನ್ನೂ ಒಂದೇ ಏಟಿಗೆ ನುಂಗಿ ವಾರವಿಡೀ ನಡುರಾತ್ರಿ ಎದ್ದು ಕೂರಬೇಕಾಗಿತ್ತು. ಈಗ ನಮಗೆ ಬಾಕಿ ಉಳಿದದ್ದು ಮೂರೂವರೆ ಗಂಟೆ ಮಾತ್ರ.

ಇನ್ನು ಕಡೆಯ ದಿನಕ್ಕೆ ಬರೋಣ.

ಕಡೆಯ ದಿನ ಎಂದೆನಲ್ಲ, ನಿಜವಾಗಿ ಅದು ಹಿಂದಿನ ದಿನದ ಮಧ್ಯಾಹ್ನವೇ ಶುರುವಾಗುತ್ತದೆ. ಎಂದಿನಂತೆ ಮೇಲಿನ ಅಂತಸ್ತಿನಲ್ಲಿ ಜನ ಬಿಸಿಲಿಗೆ ಮಲಗಿದ್ದರೂ ಕೆಳಗೆ ಕ್ಯಾಬಿನ್ನುಗಳ ಓಣಿಯಲ್ಲಿ ಪೆಟ್ಟಿಗೆಗಳ ಸದ್ದು ಕೇಳತೊಡಗುತ್ತದೆ. ನಿಮ್ಮ ಕ್ಯಾಬಿನ್ನಿಗೆ ಬಣ್ಣದ ಚೀಟಿಗಳು ಬರುತ್ತವೆ, ಒಂದೊಂದು ಬಣ್ಣಕ್ಕೆ ಒಂದೊಂದು ಸಂಖ್ಯೆ. ಅದನ್ನು ಪೆಟ್ಟಿಗೆಗೆ ಕಟ್ಟಿ ರಾತ್ರಿ ಹನ್ನೊಂದರೊಳಗೆ ಬಾಗಿಲ ಹೊರಗೆ ಇಟ್ಟುಬಿಡಬೇಕು. ಅವರು ಒಯ್ದು, ಮಾರನೆಯ ಬೆಳಗ್ಗೆ ಬಂದರಿನ ಕಟ್ಟಡದಲ್ಲಿ ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿರುತ್ತಾರೆ. ಅಂಚೆಯವನಾದ ನನಗೆ ಇದನ್ನು ನೋಡಿ ಹೊಟ್ಟೆ ತುಂಬಿತು. ಮೂರು ಸಾವಿರ ಜನರ ಸಾಮಾನು, ಒಂದು ರಾತ್ರಿ, ತಪ್ಪಿಲ್ಲದ ವಿಂಗಡಣೆ. ನಮ್ಮ ರೈಲು ಅಂಚೆಯ ಡಬ್ಬಿಯಲ್ಲಿ ರಾತ್ರಿಯೆಲ್ಲ ನಿಂತು ಕಾಗದ ವಿಂಗಡಿಸಿದ ಹಳಬರು ನೆನಪಾದರು.

ಇಲ್ಲಿ ಎಚ್ಚರ ಬೇಕಾದದ್ದು ಒಂದೇ. ಮಾರನೆಯ ಬೆಳಗ್ಗೆಗೆ ಬೇಕಾದ ಬಟ್ಟೆ, ಔಷಧಿ, ಕನ್ನಡಕ, ಪಾಸ್‌ಪೋರ್ಟು, ಹಣ, ವಿಮಾನದ ಟಿಕೆಟು, ಇವೆಲ್ಲ ಕೈಚೀಲದಲ್ಲಿ ಉಳಿಯಬೇಕು. ಎಲ್ಲವನ್ನೂ ತುಂಬಿ ಕಳಿಸಿ ಬೆಳಗ್ಗೆ ರಾತ್ರಿಯುಡುಪಿನಲ್ಲೇ ಇಳಿಯಬೇಕಾಗಿ ಬಂದವರ ಕಥೆಗಳನ್ನು ಎಲ್ಲ ಹಡಗುಗಳಲ್ಲೂ ಹೇಳುತ್ತಾರಂತೆ. ನನ್ನ ಮನೆಯವರು ಮಂಡಿಯ ಪಟ್ಟಿಯನ್ನು ಪೆಟ್ಟಿಗೆಯಲ್ಲಿ ಹಾಕಿ ಕಳಿಸಿಬಿಟ್ಟಿದ್ದರು. ಬೆಳಗ್ಗೆ ಅದಕ್ಕೆ ನನ್ನನ್ನೇ ಬೈದರು.

ಲೆಕ್ಕ ಚುಕ್ತಾ ಮಾಡುವುದೂ ಆವತ್ತೇ. ಹಡಗಿನಲ್ಲಿ ಕೈಯಲ್ಲಿ ಕಾಸು ಆಡುವುದಿಲ್ಲ, ಕೊಂಡದ್ದೆಲ್ಲ ಖಾತೆಗೆ ಬರೆದಿರುತ್ತದೆ. ಕಾಫಿ, ಫೋಟೋ, ಇಂಟರ್‌ನೆಟ್ಟು ಎಲ್ಲ ಸೇರಿ ಬಂದ ಮೊತ್ತ ನೋಡಿದಾಗ ಟಿಕೆಟ್ ಅಗ್ಗ ಎಂಬ ಮಾತು ಅರ್ಧ ಸುಳ್ಳಾಯಿತು. ಅದರಲ್ಲಿ ಸಿಬ್ಬಂದಿಯ ಭಕ್ಷೀಸು ಎಂದು ದಿನಕ್ಕಿಷ್ಟು ತಾವಾಗಿಯೇ ಹಿಡಿದಿರುತ್ತಾರೆ. ಕೆಲವರು ಕಡೆಯ ದಿನ ಕಚೇರಿಗೆ ಹೋಗಿ ಅದನ್ನು ತೆಗೆಸಿಹಾಕುತ್ತಾರೆ, ಆ ಸಾಲನ್ನು ನಾನೇ ನೋಡಿದೆ. ಕ್ಯಾಬಿನ್ ಚೊಕ್ಕಟ ಮಾಡುವವರ, ಊಟ ಬಡಿಸುವವರ ಗಳಿಕೆಯಲ್ಲಿ ದೊಡ್ಡ ಪಾಲು ಈ ಹಣ. ನೀವು ಆ ಸಾಲಿನಲ್ಲಿ ನಿಲ್ಲಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಕ್ಯಾಬಿನ್ನನ್ನು ನೋಡಿಕೊಳ್ಳುತ್ತಿದ್ದ ಹುಡುಗನ ವಿಷಯ ಹೇಳಲು ಇದೇ ಜಾಗ. ಹುಡುಗ ಎಂದರೆ ಮೂವತ್ತರ ಆಸುಪಾಸು. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು, ಅದರ ಕೆಳಗೆ ದೇಶ, ಇಂಡಿಯಾ ಎಂದಷ್ಟೇ ಇತ್ತು. ಎರಡನೆಯ ದಿನ ನನ್ನ ಮನೆಯವರು ಓಣಿಗೆ ಬಂದು, "ರೀ, ನನ್ನ ಚಪ್ಪಲಿ ಎಲ್ಲಿಟ್ರಿ?" ಎಂದು ಕೂಗಿದರು. ಪಕ್ಕದ ಕ್ಯಾಬಿನ್ನಿನಿಂದ ಉತ್ತರ ಬಂತು, "ಮಂಚದ ಕೆಳಗೆ ಇಟ್ಟಿದ್ದೆ ಅಮ್ಮ." ಅಟ್ಲಾಂಟಿಕ್ ಸಮುದ್ರದ ನಡುವೆ ಕನ್ನಡದಲ್ಲಿ! ಕುಂದಾಪುರದ ಕಡೆಯವನು. ಹದಿನೈದು ಇಪ್ಪತ್ತು ಕ್ಯಾಬಿನ್ನು ಅವನ ಪಾಲಿಗೆ. ದಿನಕ್ಕೆ ಎರಡು ಸಲ ಎಲ್ಲವನ್ನೂ ಸರಿಮಾಡಬೇಕು. ಆದರೂ ದಿನವೂ ಒಂದೆರಡು ನಿಮಿಷ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ. ಹಿಂದಿನ ಆಗಸ್ಟಿನಲ್ಲಿ, ಮಗಳಿಗೆ ಮೂರು ತಿಂಗಳಾಗಿದ್ದಾಗ ಮನೆ ಬಿಟ್ಟವನು. ಎಂಟು ತಿಂಗಳ ಕರಾರು. ಬಾರ್ಸಿಲೋನಾದಲ್ಲಿ ನಾವು ಇಳಿಯುವ ದಿನವೇ ಅವನೂ ಇಳಿಯಬೇಕಾಗಿತ್ತು. ಮೇ ತಿಂಗಳಲ್ಲಿ ಕೂಸಿನ ಮೊದಲ ಹುಟ್ಟುಹಬ್ಬ. ಊರಿನಲ್ಲಿ ಎಲ್ಲ ಏರ್ಪಾಡಾಗಿದೆ ಎಂದು ಹೇಳಿ ಹೇಳಿ ಆನಂದಪಡುತ್ತಿದ್ದ.

ಮಲಾಗ ಬಿಟ್ಟ ಸಂಜೆ ಅವನು ಎಂದಿನಂತೆ ನಿಲ್ಲಲಿಲ್ಲ. ನಾನೇ ಕೇಳಿದೆ. ಅವನ ಜಾಗಕ್ಕೆ ಬರಬೇಕಾದವನ ವೀಸಾ ಕಾಗದ ತಡವಾಗಿದೆಯಂತೆ. ಇನ್ನೂ ಆರು ವಾರ ಇರು ಎಂದು ಮೇಲಿನವರು ಹೇಳಿದ್ದಾರೆ. "ಎಂತ ಮಾಡುದು ಸಾರ್, ಇಲ್ಲ ಅಂದ್ರೆ ಮುಂದಿನ ಕರಾರು ಸಿಕ್ಕುದು ಕಷ್ಟ" ಎಂದ.

ಇದು ಕಾನೂನಿನ ಲೆಕ್ಕಕ್ಕೆ ತಪ್ಪಲ್ಲ ಎಂಬುದನ್ನೂ ಹೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರಲ್ಲಿ ರೂಪಿಸಿದ ಕಡಲ ಕಾರ್ಮಿಕರ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಯಾವ ನಾವಿಕನನ್ನೂ ಹನ್ನೆರಡು ತಿಂಗಳು ತುಂಬುವವರೆಗೆ ಹಡಗಿನಲ್ಲಿ ಇರಿಸಿಕೊಳ್ಳಬಾರದು, ಅದಕ್ಕೆ ಮೊದಲೇ ಮನೆಗೆ ಕಳಿಸಬೇಕು, ಆ ಪ್ರಯಾಣದ ಖರ್ಚು ಹಡಗಿನ ಮಾಲೀಕರದು ಎಂಬುದು ಅದರ ಸಾರ. ಇವನದು ಒಂಬತ್ತೂವರೆ ತಿಂಗಳಾಗುತ್ತದೆ, ಅಷ್ಟೆ.

ಆ ರಾತ್ರಿ, ನಮ್ಮ ಪೆಟ್ಟಿಗೆಗಳನ್ನು ಹೊರಗಿಟ್ಟು ಬಾಗಿಲು ಹಾಕುವಷ್ಟರಲ್ಲಿ ಅವನು ಬಂದ. ಕೈಯಲ್ಲಿ ಬಣ್ಣದ ಕಾಗದ ಸುತ್ತಿ ಅಂಟು ಹಾಕಿದ ಒಂದು ಕಟ್ಟು. ಮಗಳಿಗೆ ತೆಗೆದದ್ದು, ಬೆಂಗಳೂರಿಗೆ ಮುಟ್ಟಿಸಿದರೆ ಸಾಕು, ತನ್ನ ಭಾವ ಬಂದು ಒಯ್ಯುತ್ತಾನೆ ಎಂದ.

ನಾನು ಆಗುವುದಿಲ್ಲ ಎಂದೆ.

ಯಾಕೆ ಎಂದು ನಿಮಗೆ ಹೇಳಬೇಕಾಗಿಲ್ಲ. ಪ್ರಯಾಣದಲ್ಲಿ ಯಾರು ಏನು ಕೊಟ್ಟರೂ ತೆಗೆದುಕೊಳ್ಳಬೇಡಿ ಎಂದು ಮಗ ಹತ್ತು ಸಲ ಹೇಳಿ ಕಳಿಸಿದ್ದ. ಪರರ ಕಟ್ಟು ಹೊತ್ತು, ಅದರೊಳಗೆ ಮಾದಕ ವಸ್ತು ಸಿಕ್ಕಿ ಪರದೇಶದ ಜೈಲಿನಲ್ಲಿ ಕೊಳೆತವರ ಸುದ್ದಿಯನ್ನು ನೀವೂ ಓದಿರುತ್ತೀರಿ. ನಾನು ಇದನ್ನೆಲ್ಲ ಅವನಿಗೆ ವಿವರಿಸಿಯೂ ಹೇಳಿದೆ. ಕಾಯಿದೆ ಓದಿದಂತೆ ಹೇಳಿದೆ ಎಂದು ಈಗ ಅನ್ನಿಸುತ್ತದೆ. ಅವನ ಮುಖ ಬಾಡಲಿಲ್ಲ. "ಪರವಾಗಿಲ್ಲ ಸಾರ್, ನೀವು ಹೇಳುದು ಸರಿ" ಎಂದು, ನಮ್ಮ ಎರಡು ಪೆಟ್ಟಿಗೆಗಳನ್ನೂ ಓಣಿಯ ಗೋಡೆಗೆ ಒತ್ತಿ ಸರಿಯಾಗಿ ನಿಲ್ಲಿಸಿ ಹೋದ.

ಮಲಗಿದರೆ ನಿದ್ದೆ ಬರಲಿಲ್ಲ. ಇನ್ನೊಬ್ಬರು ಕಟ್ಟಿಕೊಟ್ಟದ್ದನ್ನು ಮತ್ತೊಬ್ಬರಿಗೆ ಮುಟ್ಟಿಸುವುದಕ್ಕೆ ಸರ್ಕಾರ ನನಗೆ ಮೂವತ್ತಾರು ವರ್ಷ ಸಂಬಳ ಕೊಟ್ಟಿದೆ. ಬಟ್ಟೆಯಲ್ಲಿ ಹೊಲಿದು ಅರಗಿನ ಮೊಹರು ಒತ್ತಿದ ಎಷ್ಟು ಕಟ್ಟುಗಳನ್ನು ತೂಗಿಲ್ಲ! ಒಳಗೇನಿದೆ ಎಂದು ಕೇಳುತ್ತಿದ್ದೆವು, ಸಂಶಯ ಬಂದರೆ ಬಿಚ್ಚಿ ತೋರಿಸಿ ಎನ್ನುತ್ತಿದ್ದೆವು. ತೆಗೆದುಕೊಳ್ಳುವುದಿಲ್ಲ ಎಂದು ಕಿಟಕಿ ಮುಚ್ಚುತ್ತಿರಲಿಲ್ಲ. ಈ ಹುಡುಗನಿಗೆ ಬಿಚ್ಚಿ ತೋರಿಸು ಎಂಬ ಒಂದು ಮಾತನ್ನು ನಾನು ಹೇಳಲಿಲ್ಲ. ಅದೇ ನನ್ನ ತಪ್ಪು.

ಇನ್ನೊಂದು ವಿಷಯವೂ ಆ ರಾತ್ರಿ ತಲೆಗೆ ಬಂತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗು ನಿಮಗೆ ನೆನಪಿರಬಹುದು. ಎರಡು ವಾರದ ಪ್ರವಾಸ ಮುಗಿಸಿ ಜನ ಮಾರನೆಯ ದಿನ ಇಳಿಯಬೇಕು, ಪೆಟ್ಟಿಗೆ ಕಟ್ಟುವ ಹೊತ್ತು. ಹಾಂಕಾಂಗಿನಲ್ಲಿ ಇಳಿದಿದ್ದ ಒಬ್ಬ ಪ್ರಯಾಣಿಕನಿಗೆ ಕೊರೊನಾ ಎಂದು ತಿಳಿಯಿತು. ಹಡಗಿನಲ್ಲಿದ್ದ 3,711 ಜನರಿಗೂ ಕಡೆಯ ದಿನ ಬರಲೇ ಇಲ್ಲ. ಪ್ರಯಾಣಿಕರನ್ನು ಎರಡು ವಾರ ಅವರವರ ಕ್ಯಾಬಿನ್ನಿನಲ್ಲೇ ಇರಿ ಎಂದರು. ಆದರೆ ಅವರಿಗೆ ಹೊತ್ತುಹೊತ್ತಿಗೆ ಊಟ ಒಯ್ದು ಬಾಗಿಲಲ್ಲಿ ಇಟ್ಟವರು ಯಾರು? ಸಿಬ್ಬಂದಿಯೇ. ಆ ಹಡಗಿನಲ್ಲಿ 138 ಮಂದಿ ಭಾರತೀಯರಿದ್ದರು, ಅವರಲ್ಲಿ 132 ಮಂದಿ ಕೆಲಸಗಾರರು. ಒಟ್ಟು 712 ಜನರಿಗೆ ಸೋಂಕು ತಗಲಿತು. ಫೆಬ್ರವರಿ 27ರಂದು 119 ಮಂದಿ ಭಾರತೀಯರನ್ನು ಏರ್ ಇಂಡಿಯಾ ವಿಮಾನ ದೆಹಲಿಗೆ ಕರೆತಂದಿತು. ಅವರಿಗೆ ಅಲ್ಲಿಂದ ಮನೆಯಲ್ಲ, ಮಾನೇಸರದ ಶಿಬಿರದಲ್ಲಿ ಮತ್ತೆ ಎರಡು ವಾರ. ಅದೇ ವರ್ಷದ ಕೊನೆಗೆ, ಕರಾರು ಮುಗಿದರೂ ಇಳಿಯಲಾಗದೆ ಜಗತ್ತಿನ ಹಡಗುಗಳಲ್ಲಿ ಉಳಿದ ನಾವಿಕರು ಸುಮಾರು ನಾಲ್ಕು ಲಕ್ಷ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಲೆಕ್ಕ ಕೊಟ್ಟವು. ನಾವು ಮನೆಯೊಳಗೆ ಕೂತು ಬೇಸರಪಟ್ಟ ಕಾಲದಲ್ಲಿ ಮನೆಯೇ ಸಿಗದೆ ಕೂತವರು ಅವರು.

ಬೆಳಗಿನ ಐದಕ್ಕೆ ಎಂಜಿನ್ನಿನ ಸದ್ದು ಬದಲಾಯಿತು. ಪರದೆ ಸರಿಸಿದರೆ ಮೊಂಜುಯಿಕ್ ಎಂಬ ಗುಡ್ಡ, ಅದರ ಮೇಲೆ ಕೋಟೆ, ಕೆಳಗೆ ಊರಿನ ದೀಪಗಳು. ಬಂದರಿನ ಪೈಲಟ್ ಹತ್ತಿಯಾಗಿತ್ತು. ಅಷ್ಟು ದೊಡ್ಡ ಹಡಗು ಬಸ್ಸು ನಿಲ್ದಾಣಕ್ಕೆ ಬಸ್ಸು ಬಂದಂತೆ ಪಕ್ಕಕ್ಕೆ ಸರಿದು ನಿಲ್ಲುವುದನ್ನು ನೋಡಬೇಕೆಂದಿದ್ದರೆ ಆವತ್ತು ಬೇಗ ಏಳಿ.

ನನ್ನ ಮನೆಯವರು ಆಗಲೇ ಎದ್ದು ಕೂತಿದ್ದರು. "ನಾನೂ ಮಲಗಿಲ್ಲ. ಆ ಹುಡುಗನನ್ನು ಕರೀರಿ, ನಮ್ಮೆದುರಿಗೇ ಬಿಚ್ಚಲಿ, ನಾನೇ ಮತ್ತೆ ಕಟ್ತೀನಿ" ಎಂದರು.

ಕರೆಯುವುದೆಂದರೆ ಸುಲಭವಲ್ಲ. ನಮಗೆ ಅದು ಕಡೆಯ ದಿನ, ಅವರಿಗೆ ಇಳಿಸುವ ಮತ್ತು ಹತ್ತಿಸುವ ದಿನ. ಹತ್ತು ಗಂಟೆಯೊಳಗೆ ಹಳಬರು ಖಾಲಿ, ಮಧ್ಯಾಹ್ನದ ಹೊತ್ತಿಗೆ ಹೊಸಬರು ಒಳಗೆ, ಸಂಜೆ ಹಡಗು ಹೊರಡುತ್ತದೆ. ಅಷ್ಟರೊಳಗೆ ಎಲ್ಲ ಕ್ಯಾಬಿನ್ನಿನ ಹಾಸಿಗೆ ಹೊದಿಕೆ ಬದಲಾಗಬೇಕು, ಕಸ ಇಳಿಯಬೇಕು, ತರಕಾರಿ ಹಾಲು ಮಾಂಸ ಹತ್ತಬೇಕು, ಸಂಜೆ ಹೊಸಬರಿಗೆ ಅಪಾಯದ ಕಾಲದಲ್ಲಿ ಎಲ್ಲಿ ಸೇರಬೇಕೆಂದು ತೋರಿಸಬೇಕು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತ ಮೇಲೆ, ಈ ತರಬೇತಿ ಮುಗಿಯದೆ ಪ್ರಯಾಣ ಸಾಗಬಾರದೆಂಬ ನಿಯಮ ಬಿಗಿಯಾಗಿದೆ. ಇಷ್ಟರ ನಡುವೆ ನಮ್ಮ ಹುಡುಗನನ್ನು ಓಣಿಯ ತುದಿಯಲ್ಲಿ, ಎದೆಯೆತ್ತರದ ಬಟ್ಟೆಯ ರಾಶಿಯ ಹಿಂದೆ ಕಂಡೆ.

ಕಟ್ಟು ತಂದ. ನಮ್ಮ ಮಂಚದ ಮೇಲೆ ಅವನೇ ಬಿಚ್ಚಿದ. ಒಂದು ಹಳದಿ ಫ್ರಾಕು, ಒಂದು ಜೊತೆ ಪುಟ್ಟ ಬೂಟು, ಅದುಮಿದರೆ ಹಾಡುವ ಒಂದು ಬಟ್ಟೆಯ ಹಸು. ನನ್ನ ಮನೆಯವರು ಫ್ರಾಕಿನ ಹೊಲಿಗೆಯನ್ನೆಲ್ಲ ಬೆರಳಾಡಿಸಿ ನೋಡಿದರು, ಬೂಟಿನೊಳಗೆ ಕೈ ಹಾಕಿದರು, ಹಸುವಿನ ಹೊಟ್ಟೆಯ ಬ್ಯಾಟರಿ ತೆಗೆಸಿ ನೋಡಿ ಹಾಕಿದರು. ಹುಡುಗ ಕೈಕಟ್ಟಿ ನಿಂತಿದ್ದ. ನನಗೆ ನಾಚಿಕೆಯಾಯಿತು, ಅವನಿಗೆ ಏನೂ ಆದಂತೆ ಕಾಣಲಿಲ್ಲ. ಹಡಗು ಹತ್ತಿಳಿಯುವಾಗಲೆಲ್ಲ ತಪಾಸಣೆ ಮಾಡಿಸಿಕೊಂಡು ಅವರಿಗೆ ಅಭ್ಯಾಸ. ಪೆಟ್ಟಿಗೆಗಳು ಆಗಲೇ ಹೋಗಿದ್ದವು, ಹಾಗಾಗಿ ಅದನ್ನು ಕೈಚೀಲದಲ್ಲೇ ತುಂಬಿಕೊಂಡೆವು. ಅವನು ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟ. ಪಿನ್ ಕೋಡ್ ಬಿಟ್ಟಿದ್ದ, ನಾನು ಕೇಳಿ ಬರೆಸಿದೆ. ನಾವು ಒಂದು ಲಕೋಟೆ ಕೊಟ್ಟೆವು. ಅವನು ಇಬ್ಬರ ಕಾಲಿಗೂ ನಮಸ್ಕಾರ ಮಾಡಿ ಬಟ್ಟೆಯ ರಾಶಿಯ ಕಡೆಗೆ ಓಡಿದ.

ಎಂಟೂವರೆಗೆ ನಮ್ಮ ಬಣ್ಣದ ಸರದಿ ಬಂತು. ಯೂರೋಪಿನೊಳಗೆ ಬಂದ ಮುದ್ರೆ ಫುಂಚಾಲಿನಲ್ಲೇ ಬಿದ್ದಿದ್ದರಿಂದ ಬಾರ್ಸಿಲೋನಾದಲ್ಲಿ ಪಾಸ್‌ಪೋರ್ಟಿನ ಸಾಲು ಇರಲಿಲ್ಲ. ಇಳಿದ ದಿನವೇ ವಿಮಾನವಿದ್ದರೆ ಅದು ಮಧ್ಯಾಹ್ನದ ಮೇಲಿನದಾಗಿರಲಿ. ಮಂಜು, ಗಾಳಿ, ಬಂದರಿನ ಮುಷ್ಕರ, ಯಾವುದಾದರೂ ಒಂದು ಗಂಟೆ ತಡಮಾಡಿದರೆ ಬೆಳಗಿನ ವಿಮಾನ ನಿಮಗಾಗಿ ಕಾಯುವುದಿಲ್ಲ. ಒಂದು ರಾತ್ರಿ ಉಳಿದು ಹೊರಡುವುದು ಇನ್ನೂ ಒಳ್ಳೆಯದು. ನಮ್ಮ ವಿಮಾನ ಮೂರೂವರೆಗೆ ಇತ್ತು. ಬಂದರಿನ ಬಸ್ಸು ಊರಿನ ಅಂಚಿನಲ್ಲಿ, ರಾಂಬ್ಲಾ ಎಂಬ ಹೆಸರಾಂತ ಬೀದಿ ಮುಗಿಯುವಲ್ಲಿ ಇಳಿಸಿತು. ಅಲ್ಲೇ ಒಂದು ಕಂಬ, 60 ಮೀಟರ್ ಎತ್ತರ, ತುದಿಯಲ್ಲಿ ಕೊಲಂಬಸ್. 1888ರಲ್ಲಿ ನಿಲ್ಲಿಸಿದ್ದು. ಕೈ ಚಾಚಿ ಸಮುದ್ರದತ್ತ ತೋರಿಸುತ್ತಾನೆ, ಆದರೆ ಅಮೆರಿಕದ ದಿಕ್ಕಿಗಲ್ಲ! ಪೆಟ್ಟಿಗೆಗಳನ್ನು ಸುತ್ತ ಇಟ್ಟುಕೊಂಡು ಅದರ ಬುಡದಲ್ಲಿ ಒಂದು ಗಂಟೆ ಕೂತೆವು.

ಅವನ ದೀರ್ಘ ಪ್ರಯಾಣದ ಮುಕ್ತಾಯವೂ ಇದೇ ಊರಿನಲ್ಲಿ ಆಯಿತೆಂಬುದನ್ನು ಶಾಲೆಯಲ್ಲಿ ನಮಗೆ ಹೇಳಿರಲಿಲ್ಲ. ಇಂಡಿಯಾವನ್ನು ಹುಡುಕುತ್ತ 1492ರ ಆಗಸ್ಟಿನಲ್ಲಿ ಪಾಲೋಸ್ ಬಂದರಿನಿಂದ ಹೊರಟವನು 1493ರ ಮಾರ್ಚಿಯಲ್ಲಿ ಮರಳಿದ. ಏಪ್ರಿಲ್‌ನಲ್ಲಿ ಬಾರ್ಸಿಲೋನಾದಲ್ಲಿ ರಾಜ ಫರ್ಡಿನೆಂಡ್, ರಾಣಿ ಇಸಬೆಲ್ಲಾ ಅವನನ್ನು ಬರಮಾಡಿಕೊಂಡರು. ಮೆರವಣಿಗೆಯಲ್ಲಿ ಗಿಳಿಗಳು, ಚಿನ್ನ. ಜೊತೆಗೆ ಆ ದ್ವೀಪಗಳಿಂದ ಹಿಡಿದು ತಂದ ಕೆಲವು ಮನುಷ್ಯರು. ಕೊಲಂಬಸ್ ಮನೆಗೆ ಬಂದ ದಿನ ಅದು, ಅವರು ಮನೆಯಿಂದ ಅತಿ ದೂರ ನಿಂತ ದಿನ. ಅವರಲ್ಲಿ ಬಹುಮಂದಿ ತಮ್ಮ ಊರನ್ನು ಮತ್ತೆ ಕಾಣಲಿಲ್ಲ.

ಅಂದ ಹಾಗೆ, ಹಡಗಿನ ಪ್ರವಾಸಿಗಳನ್ನು ಕಂಡರೆ ಬಾರ್ಸಿಲೋನಾದ ಜನಕ್ಕೆ ಅಷ್ಟೇನೂ ಪ್ರೀತಿಯಿಲ್ಲ. ನಮ್ಮಂಥವರು ಸಾವಿರಗಟ್ಟಲೆ ಇಳಿದು ಬೀದಿ ತುಂಬಿ ಸಂಜೆಗೆ ಹೊರಟುಹೋಗುತ್ತೇವೆ. ಹಡಗಿನ ನಿಲ್ದಾಣಗಳನ್ನು ಏಳರಿಂದ ಐದಕ್ಕೆ ಇಳಿಸಲು 2025ರ ಜುಲೈಯಲ್ಲಿ ನಗರಸಭೆಯೂ ಬಂದರಿನವರೂ ಒಪ್ಪಂದ ಮಾಡಿಕೊಂಡಿದ್ದಾರೆ, 2030ರೊಳಗೆ ಆಗಬೇಕಂತೆ.

ವಿಮಾನ ನಿಲ್ದಾಣದ ಕಟ್ಟೆಯಲ್ಲಿ ಪ್ರಶ್ನೆ ಬಂದೇ ಬಂತು. "ಸಾಮಾನು ನೀವೇ ಕಟ್ಟಿದಿರಾ? ಬೇರೆ ಯಾರಾದರೂ ಏನಾದರೂ ಕೊಟ್ಟಿದ್ದಾರೆಯೇ?" ಇಲ್ಲ ಎಂದುಬಿಡುವುದು ಸುಲಭ, ಎಲ್ಲರೂ ಹಾಗೆಯೇ ಹೇಳುತ್ತಾರೆ. ನಾನು ಹೌದು ಎಂದೆ. ಹುಡುಗಿ ಬರೆಯುವುದನ್ನು ನಿಲ್ಲಿಸಿ ಹಿರಿಯ ಅಧಿಕಾರಿಯನ್ನು ಕರೆದಳು. ನಮ್ಮನ್ನು ಪಕ್ಕದ ಮೇಜಿಗೆ ಕರೆದೊಯ್ದರು. ಯಾರು ಕೊಟ್ಟರು, ಯಾವ ಹಡಗು, ನೀವು ಬಿಚ್ಚಿ ನೋಡಿದಿರಾ, ಎಷ್ಟು ದಿನದ ಪರಿಚಯ, ಹೀಗೆ ಪ್ರಶ್ನೆಗಳು. ನನ್ನ ಹರಕು ಇಂಗ್ಲಿಷು, ಅವರದೂ ಅಂಥದ್ದೇ. ಫ್ರಾಕು ಹೊರಬಂತು, ಬೂಟು ಹೊರಬಂತು. ಆತ ಹಸುವನ್ನು ತಿರುಗಿಸಿ ನೋಡುತ್ತ ಹೊಟ್ಟೆ ಅದುಮಿದ, ಅದು ಜೋರಾಗಿ ಹಾಡತೊಡಗಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆತ ನಗಲಿಲ್ಲ. ಎಲ್ಲವನ್ನೂ ಯಂತ್ರದೊಳಗೆ ಎರಡು ಸಲ ಕಳಿಸಿ, ನಮ್ಮ ಪಾಸ್‌ಪೋರ್ಟಿನ ಸಂಖ್ಯೆ ಬರೆದುಕೊಂಡು, ಹೋಗಿ ಎಂದ. ನಲವತ್ತು ನಿಮಿಷ ಹಿಡಿಯಿತು. ಮಧ್ಯಾಹ್ನದ ವಿಮಾನ ಎಂದು ಹೇಳಿದೆನಲ್ಲ, ಅದು ಆಗ ಕೆಲಸಕ್ಕೆ ಬಂತು.

ನೀವು ಇಂಥದ್ದನ್ನು ಒಪ್ಪಿಕೊಳ್ಳಲೇಬೇಕು ಎಂದು ನಾನು ಹೇಳುವುದಿಲ್ಲ. ಅಂಟಿಸಿದ ಕಟ್ಟನ್ನು ಹಾಗೆಯೇ ಎಂದಿಗೂ ಮುಟ್ಟಬೇಡಿ. ತಿಂಡಿಯ ಡಬ್ಬಿ, ಪುಡಿ, ಔಷಧಿ, ಇಂಥವು ಬಿಚ್ಚಿ ತೋರಿಸಿದರೂ ಬೇಡ. ತೆಗೆದುಕೊಂಡರೆ ನೀವೇ ಬಿಚ್ಚಿ ನೋಡಿ ನೀವೇ ಕಟ್ಟಿ, ಕೇಳಿದಾಗ ಇದ್ದದ್ದನ್ನು ಹೇಳಿ. ಮುಂದೆ ಅವರು ಬಿಡಬಹುದು, ತಡೆಯಬಹುದು, ಅದು ಅವರ ಕೆಲಸ.

ದುಬೈಯಲ್ಲಿ ವಿಮಾನ ಬದಲಾಯಿಸಿ ಮಾರನೆಯ ಬೆಳಗ್ಗೆ ಬೆಂಗಳೂರಿಗೆ ಇಳಿದೆವು. ಎರಡು ದಿನ ಕಾಲ ಕೆಳಗೆ ನೆಲ ಮೆಲ್ಲಗೆ ತೂಗುತ್ತಿತ್ತು. ಹದಿಮೂರು ದಿನ ಹಡಗಿನ ತೂಗಾಟಕ್ಕೆ ಹೊಂದಿಕೊಂಡ ದೇಹ ಇನ್ನೂ ಅದನ್ನೇ ನಿರೀಕ್ಷಿಸುತ್ತಿರುತ್ತದೆ, ತಾನಾಗಿ ಹೋಗುತ್ತದೆ, ಹೆದರಬೇಡಿ. ನಿದ್ದೆಯೇನೋ ಮೊದಲ ರಾತ್ರಿಯೇ ಸರಿಹೋಯಿತು.

ಹುಡುಗನ ಭಾವ ಬರಲು ಒಂದು ವಾರವಾಗುತ್ತದೆ ಎಂದ. ಅಂಚೆಯಲ್ಲಿ ಕಳಿಸಬಹುದಾಗಿತ್ತು, ನನ್ನ ಮನೆಯವರು ಒಪ್ಪಲಿಲ್ಲ. ರಾತ್ರಿ ಬಸ್ಸು ಹತ್ತಿ ಕುಂದಾಪುರಕ್ಕೆ ನಾವೇ ಹೋದೆವು. ಅಲ್ಲಿಂದ ಆಟೋದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ. ಅವನ ತಾಯಿ, ಹೆಂಡತಿ, ಕೂಸು. ನೀರುದೋಸೆ, ಕಾಯಿ ಬೆಲ್ಲ ಕೊಟ್ಟರು. ಫ್ರಾಕು ಹಾಕಿದರು, ತೋಳು ಉದ್ದವಾಯಿತು, ಮಡಚಿದರು. ಬೂಟು ಚಿಕ್ಕದಾಗಿತ್ತು, ಒಂದು ಕಾಲಿಗೂ ಹೋಗಲಿಲ್ಲ. ಹಸು ಹಾಡಿದೊಡನೆ ಕೂಸು ಹೆದರಿ ಅತ್ತಿತು.

ಈಗ ಹಡಗುಗಳಲ್ಲಿ ಉಪಗ್ರಹದ ಇಂಟರ್‌ನೆಟ್ಟು ಇದೆ. ಅವನ ಹೆಂಡತಿ ಫೋನು ಹಚ್ಚಿ ಕೂಸಿನ ಮುಂದೆ ಹಿಡಿದಳು. ನಮ್ಮಲ್ಲಿ ಹನ್ನೊಂದೂವರೆ, ಅಲ್ಲಿ ಬೆಳಗಿನ ಎಂಟು. ಹಿಂದೆ ಅದೇ ಓಣಿ, ಅದೇ ಬಟ್ಟೆಯ ರಾಶಿ. ಹಡಗು ಮತ್ತೆ ಬಾರ್ಸಿಲೋನಾಕ್ಕೆ ಬಂದಿತ್ತು. ಹಳದಿ ಫ್ರಾಕಿನ ಮಗಳನ್ನು ಒಂದು ನಿಮಿಷ ನೋಡಿದ. ಬೂಟಿನ ವಿಷಯ ಯಾರೂ ಹೇಳಲಿಲ್ಲ. ಆಮೇಲೆ, "ಇವತ್ತು ಇಳಿಸು ದಿನ, ರಾತ್ರಿ ಫೋನ್ ಮಾಡ್ತೆ" ಎಂದು ಇಟ್ಟುಬಿಟ್ಟ.

ಜೂನ್ ತಿಂಗಳ ಕೊನೆಯ ವಾರ, ಮಳೆ ಹಿಡಿದುಕೊಂಡಿದ್ದ ಒಂದು ಸಂಜೆ ಅವನೇ ಊರಿನಿಂದ ಮಾತಾಡಿದ. ಬಂದು ನಾಲ್ಕು ದಿನವಾಯಿತಂತೆ. ಕೂಸು ಹೇಗಿದೆ ಎಂದು ನನ್ನ ಮನೆಯವರು ಕೇಳಿದರು.

"ಎರಡು ದಿನ ಹತ್ತಿರವೇ ಬರಲಿಲ್ಲ ಅಮ್ಮ. ಫೋನಿನಲ್ಲಿ ಕಂಡವ ಮನೆಯೊಳಗೆ ಹೆಂಗೆ ಬಂದ ಅಂತ ನೋಡ್ತಾ ಇತ್ತು. ಮೂರನೇ ದಿನ ಬಂತು" ಎಂದ.